ಬಿದಿರಿನ ಮೇಲಣ ಅಕ್ಷರ: ಹನುನೂ ಮಂಗ್ಯಾನರ ಬಾಳು, ನಂಬಿಕೆ ಮತ್ತು ಅಗತ್ಯಗಳು

ಕ್ಷರವಿಲ್ಲದುದು, ಎಂದರೆ ನಾಶವಿಲ್ಲದುದು ಅಕ್ಷರ ಎಂದು ಶಬ್ದಜ್ಞರು ಆ ಪದಕ್ಕೆ ನಿರ್ವಚನ ಹೇಳುತ್ತಾರೆ. ಆಡಿದ ಮಾತು ಆಡಿದ ಕ್ಷಣದಲ್ಲಿಯೇ ಗಾಳಿಯಲ್ಲಿ ಲಯವಾಗುತ್ತದೆ. ಬರೆದಿಟ್ಟ ಅಕ್ಷರವು ಬರೆದವನು ಅಳಿದ ಮೇಲೂ ಉಳಿಯುತ್ತದೆ. ಇದನ್ನರಿತೇ ಕನ್ನಡ ನಾಡಿನ ಹಿರಿಯರು ಕಲ್ಲು, ತಾಮ್ರ, ತಾಳೆಗರಿಗಳನ್ನು ಆಶ್ರಯಿಸಿದರು. ಅಕ್ಷರಬಲ್ಲವರು ನಾಗರಿಕರು, ಅರಿಯದವರು ಅನಾಗರಿಕರು ಎಂಬ ಎಣಿಕೆಯೂ ಇದರ ಜೊತೆಯಲ್ಲಿಯೇ ಲೋಕದಲ್ಲಿ ಬೆಳೆದು ಬಂದಿತು. ಈ ಎಣಿಕೆಯನ್ನು ಒರೆಗೆ ಹಚ್ಚಿ ನೋಡಲು ತಕ್ಕ ನಿದರ್ಶನವೊಂದು ಪೂರ್ವ ಸಮುದ್ರದ ಆಚೆಗೆ ಫಿಲಿಪೀನ್ಸ್ ದೇಶದಲ್ಲಿದೆ. ಅಲ್ಲಿನ ಮಿಂದೊರೊ ದ್ವೀಪದ ಬೆಟ್ಟಗಳಲ್ಲಿ ವಾಸಿಸುವ ಹನುನೂ ಎಂಬ ಜನ ಶತಮಾನಗಳಿಂದ ಸ್ವಂತ ಲಿಪಿಯಲ್ಲಿ ಬಿದಿರಿನ ಮೇಲೆ ಕಾವ್ಯ ಬರೆಯುತ್ತ ಬಂದಿದ್ದಾರೆ. ಆದರೂ ಹೊರಗಿನವರು ಅವರನ್ನು ಕಾಡುಜನರ ಪಟ್ಟಿಗೆ ಸೇರಿಸಿದರು. ಈ ಜನರ ಬಾಳುವೆ, ನಂಬಿಕೆ ಮತ್ತು ಅಗತ್ಯಗಳನ್ನು ವಿದ್ಯಾರ್ಥಿಗಳಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ನಾಡು ಮತ್ತು ಜನ

ಫಿಲಿಪೀನ್ಸ್ 7,641 ದ್ವೀಪಗಳ ಸಮೂಹ. ರಾಜಧಾನಿ ಮನಿಲಾ ನಗರವಿರುವ ಲೂಸಾನ್ ದ್ವೀಪದ ದಕ್ಷಿಣಕ್ಕೆ ಮಿಂದೊರೊ ಇದೆ. ಅದರ ವಿಸ್ತೀರ್ಣ ಸುಮಾರು 10,000 ಚದರ ಕಿಲೋಮೀಟರು. ದ್ವೀಪದ ನಡುವೆ ಬೆಟ್ಟಸಾಲು ಹಬ್ಬಿದ್ದು, ಹಾಲ್ಕೊನ್ ಎಂಬ ಶಿಖರವು 2,500 ಮೀಟರಿಗೂ ಮಿಗಿಲಾದ ಎತ್ತರವನ್ನು ಮುಟ್ಟಿದೆ. 1950ರಲ್ಲಿ ದ್ವೀಪವನ್ನು ಪೂರ್ವ ಮತ್ತು ಪಶ್ಚಿಮವೆಂದು ಎರಡು ಪ್ರಾಂತಗಳಾಗಿ ವಿಂಗಡಿಸಲಾಯಿತು. ಕರಾವಳಿಯ ಬಯಲುಗಳಲ್ಲಿ ಇತರ ದ್ವೀಪಗಳಿಂದ ಬಂದು ನೆಲೆಸಿದ, ಬಹುಮಟ್ಟಿಗೆ ಕ್ರೈಸ್ತಮತೀಯರಾದ ಜನ ತುಂಬಿದ್ದಾರೆ. ಒಳನಾಡಿನ ಬೆಟ್ಟಗಳಲ್ಲಿ ಇರುವವರು ದ್ವೀಪದ ಮೂಲನಿವಾಸಿಗಳಾದ ಮಂಗ್ಯಾನರು.

ಮಂಗ್ಯಾನ್ ಎಂಬುದು ಎಂಟು ಪಂಗಡಗಳಿಗೆ ಒಟ್ಟಾಗಿ ಸಲ್ಲುವ ಹೆಸರು. ಇರಾಯ, ಅಲಂಗಾನ್, ತದ್ಯವಾನ್, ಬುಹಿದ್ ಮೊದಲಾದ ಪಂಗಡಗಳಿಗೆ ತಂತಮ್ಮ ಭಾಷೆಗಳಿವೆ. ದ್ವೀಪದ ದಕ್ಷಿಣದಲ್ಲಿ, ಮನ್ಸಾಲೈ, ಬುಲಲಾಕಾವ್ ಮುಂತಾದ ಊರುಗಳ ಹಿಂದಿನ ಬೆಟ್ಟಗಳಲ್ಲಿ ಇರುವ ಪಂಗಡವೇ ಹನುನೂ. ಆ ಪದಕ್ಕೆ ಅವರ ನುಡಿಯಲ್ಲಿ ‘ನಿಜವಾದ’, ‘ಅಪ್ಪಟವಾದ’ ಎಂದು ಅರ್ಥ.

1570ರಲ್ಲಿ ಸ್ಪೇನ್ ದೇಶದವರು ಮಿಂದೊರೊ ತೀರಕ್ಕೆ ಬಂದರು. ಮುಂದೆ ಕರಾವಳಿಯಲ್ಲಿ ಅವರ ಮತವೂ ಆಡಳಿತವೂ ನೆಲೆಗೊಂಡವು. ದಕ್ಷಿಣ ಸಮುದ್ರದಿಂದ ನಡೆಯುತ್ತಿದ್ದ ದಾಳಿಗಳೂ ಕರಾವಳಿಯನ್ನು ಪದೇ ಪದೇ ಪೀಡಿಸಿದವು. ಮಂಗ್ಯಾನರು ಬೆಟ್ಟವನ್ನು ಆಶ್ರಯಿಸಿ ತಮ್ಮ ನಡೆನುಡಿಗಳನ್ನು ಕಾಪಾಡಿಕೊಂಡರು. ಯುದ್ಧಪ್ರಿಯತೆ ಅವರಲ್ಲಿಲ್ಲ, ಕಲಹ ಬಂದೆಡೆಯಿಂದ ಹಿಂದೆ ಸರಿಯುವುದು ಅವರ ಸ್ವಭಾವ. ಈ ಸಾಧುಗುಣವೇ ಅವರ ಪಾಲಿಗೆ ಎಷ್ಟೋ ವೇಳೆ ಹಾನಿಯನ್ನು ತಂದಿತೆಂಬುದು ಮುಂದೆ ತಿಳಿಯುತ್ತದೆ.

ಹನುನೂ ಜನರ ಮನೆಗಳು ನೆಲದಿಂದ ಮೇಲಕ್ಕೆ ಕಂಬಗಳ ಮೇಲೆ ನಿಂತ ಬಿದಿರಿನ ಮನೆಗಳು; ಮಾಡಿಗೆ ಹುಲ್ಲಿನ ಹೊದಿಕೆ. ಬಂಧುಗಳ ಕೆಲವೇ ಮನೆಗಳು ಸೇರಿದರೆ ಒಂದು ಹಟ್ಟಿ. ಅವರಲ್ಲಿ ಅರಸನಿಲ್ಲ, ಮೇಲುಕೀಳೆಂಬ ವರ್ಗಗಳಿಲ್ಲ. ವ್ಯಾಜ್ಯ ಹುಟ್ಟಿದರೆ ಅನುಭವಿಗಳಾದ ಹಿರಿಯರು ಕುಳಿತು ತೀರ್ಮಾನಿಸುತ್ತಾರೆ. ಹತ್ತಿಯ ನೂಲನ್ನು ನೀಲಿಯಲ್ಲಿ ಅದ್ದಿ ಹೆಂಗಸರು ಮಗ್ಗದಲ್ಲಿ ಬಟ್ಟೆ ನೇಯುತ್ತಾರೆ. ಅಂಗಿಗೆ ಕಸೂತಿ ಹಾಕುತ್ತಾರೆ. ಮಣಿಸರಗಳೆಂದರೆ ಗಂಡಸರಿಗೂ ಹೆಂಗಸರಿಗೂ ಪ್ರೀತಿ. ಅತಿಥಿ ಬಂದೊಡನೆ ಎಲೆ, ಅಡಿಕೆ, ಸುಣ್ಣಗಳನ್ನು ಮುಂದಿಟ್ಟು ತಾಂಬೂಲ ಕೊಟ್ಟ ಮೇಲೆಯೇ ಮಾತು. ಈ ಆಚಾರವನ್ನು ಓದಿದ ಕನ್ನಡಿಗನಿಗೆ ಆ ದೂರದ ಬೆಟ್ಟ ಅಷ್ಟು ದೂರವೆಂದು ತೋರಲಾರದು.

ಲಿಪಿ

ಹನುನೂ ಲಿಪಿಯು ಬ್ರಾಹ್ಮೀ ಲಿಪಿಯ ಸಂತಾನಕ್ಕೆ ಸೇರಿದುದು. ಕನ್ನಡ ಲಿಪಿಯ ಮೂಲವೂ ಅದೇ ಬ್ರಾಹ್ಮಿ. ದಕ್ಷಿಣ ಭಾರತದಲ್ಲಿ ರೂಪಾಂತರ ಹೊಂದಿದ ಬ್ರಾಹ್ಮಿಯು ಕಡಲು ದಾಟಿ ಜಾವಾ ಮೊದಲಾದ ದ್ವೀಪಗಳಲ್ಲಿ ಕವಿ ಎಂಬ ಲಿಪಿಗೆ ಜನ್ಮವಿತ್ತಿತು. ಈ ಪ್ರಭಾವ ಫಿಲಿಪೀನ್ಸಿನವರೆಗೂ ಮುಟ್ಟಿತ್ತೆಂಬುದಕ್ಕೆ ಲೂಸಾನ್ ದ್ವೀಪದ ಲಗುನಾ ಪ್ರಾಂತದಲ್ಲಿ ದೊರೆತ ತಾಮ್ರಶಾಸನವೇ ಸಾಕ್ಷಿ. ಸಾಲದಿಂದ ಬಿಡುಗಡೆ ಮಾಡಿದುದನ್ನು ತಿಳಿಸುವ ಆ ಋಣಮುಕ್ತಿ ಪತ್ರವು ಕವಿ ಲಿಪಿಯಲ್ಲಿದೆ. ಅದರ ಕಾಲ ಶಕವರ್ಷ 822, ವೈಶಾಖ ಮಾಸ, ಕೃಷ್ಣಪಕ್ಷ, ಎಂದರೆ ಕ್ರಿ.ಶ. 900. ಕನ್ನಡ ನಾಡನ್ನು ರಾಷ್ಟ್ರಕೂಟರು ಆಳುತ್ತಿದ್ದ ಕಾಲವದು. ಶಾಸನಗಳನ್ನು ಓದಿದವರಿಗೆ ಆ ಕಾಲಗಣನೆಯ ರೀತಿ ಚಿರಪರಿಚಿತ.

ಮಿಂದೊರೊದ ಬೆಟ್ಟದ ಲಿಪಿಯಲ್ಲಿ ಅ, ಇ, ಉ ಎಂದು ಮೂರು ಸ್ವರಗಳು, 15 ವ್ಯಂಜನಗಳು. ಪ್ರತಿಯೊಂದು ವ್ಯಂಜನದಲ್ಲಿಯೂ ಕನ್ನಡದಲ್ಲಿರುವಂತೆ ಅಕಾರ ಅಂತರ್ಗತವಾಗಿರುತ್ತದೆ. ‘ಕ’ ಎಂಬ ಅಕ್ಷರದ ಮೇಲೆ ಒಂದು ಸಣ್ಣ ಗೀರು ಎಳೆದರೆ ‘ಕಿ’, ಕೆಳಗೆ ಎಳೆದರೆ ‘ಕು’. ಅವರ ಕಾಗುಣಿತ ಇಷ್ಟೇ. ಸ್ವರಗಳೂ ಗುಣಿತಾಕ್ಷರಗಳೂ ಸೇರಿ ಒಟ್ಟು 48 ರೂಪಗಳಾಗುತ್ತವೆ.

ಇಲ್ಲೊಂದು ವಿಶೇಷವನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಸ್ವರವಿಲ್ಲದ ವ್ಯಂಜನವನ್ನು ಬರೆಯುವ ಪದ್ಧತಿ ಹಿಂದೆ ಈ ಲಿಪಿಯಲ್ಲಿರಲಿಲ್ಲ. ‘ಮಂಗ್ಯಾನ್’ ಎಂಬ ಪದವನ್ನು ಬರೆಯಬೇಕಾದರೆ ‘ಮ’, ‘ಯ’ ಎಂಬೆರಡು ಅಕ್ಷರಗಳನ್ನು ಮಾತ್ರ ಕೊರೆಯುತ್ತಿದ್ದರು. ಉಳಿದುದನ್ನು ಓದುವವನು ಸಂದರ್ಭದಿಂದ ಊಹಿಸಿಕೊಳ್ಳಬೇಕು. ಬರೆದವನಿಗೂ ಓದುವವನಿಗೂ ಭಾಷೆ, ಕಾವ್ಯ, ಬಾಳುವೆಗಳೆಲ್ಲ ಸಮಾನವಾಗಿದ್ದುದರಿಂದ ಇದು ಸಾಧ್ಯವಾಯಿತು. ಮಂಗ್ಯಾನರ ನಡುವೆ ದಶಕಗಳ ಕಾಲ ಬಾಳಿದ ಡಚ್ ಪಾದ್ರಿ, ವಿದ್ವಾಂಸ ಆಂಟೂನ್ ಪೋಸ್ಟ್ಮಾ ಅವರು ಇಪ್ಪತ್ತನೆಯ ಶತಮಾನದಲ್ಲಿ ವ್ಯಂಜನಾಂತವನ್ನು ಸೂಚಿಸುವ ಚಿಹ್ನೆಯೊಂದನ್ನು ಬಳಕೆಗೆ ತಂದರು. ಅದು ಕನ್ನಡದ ಅರ್ಧಾಕ್ಷರದ ಚಿಹ್ನೆಗೆ ಸಮಾನವಾದುದು. ಮೇಲೆ ಹೇಳಿದ ಲಗುನಾ ತಾಮ್ರಶಾಸನವನ್ನು ಓದಿ ಅರ್ಥ ಬಿಡಿಸಿದವರೂ ಇವರೇ.

ಬರವಣಿಗೆಯ ಸಾಧನ ಸೊಂಟದ ಚೂರಿ. ಎಡಗೈಯಲ್ಲಿ ಬಿದಿರನ್ನು ಹಿಡಿದು, ಬಲಗೈಯ ಚೂರಿಯ ಮೊನೆಯಿಂದ ದೇಹದ ಕಡೆಯಿಂದ ಆಚೆಗೆ, ಎಂದರೆ ಕೆಳಗಿನಿಂದ ಮೇಲಕ್ಕೆ ಅಕ್ಷರಗಳನ್ನು ಕೊರೆಯುತ್ತಾರೆ. ತಾಳೆಗರಿಯನ್ನು ಕಂಟದಿಂದ ಕೊರೆಯುತ್ತಿದ್ದ ಕನ್ನಡ ಲಿಪಿಕಾರರ ಕ್ರಮವನ್ನು ಇದು ನೆನಪಿಗೆ ತರುತ್ತದೆ. ಆದರೆ ಕನ್ನಡದ ಲಿಪಿಕಾರನು ಬಹುಮಟ್ಟಿಗೆ ವಿದ್ಯಾವಂತ ವರ್ಗಕ್ಕೆ ಸೇರಿದವನು, ಅಲ್ಲಿ ಹಾಗಿಲ್ಲ. ಹೊಲದಲ್ಲಿ ದುಡಿಯುವ ಹುಡುಗನೂ ಹುಡುಗಿಯೂ ಶಾಲೆಯಿಲ್ಲದೆ, ಉಪಾಧ್ಯಾಯರಿಲ್ಲದೆ, ಬಂಧುಗಳಿಂದ, ಒಡನಾಡಿಗಳಿಂದ ಲಿಪಿಯನ್ನು ಕಲಿಯುತ್ತಿದ್ದರು. ಅಮೆರಿಕದ ಮಾನವಶಾಸ್ತ್ರಜ್ಞ ಹೆರಾಲ್ಡ್ ಕಾಂಕ್ಲಿನ್ ಅವರು 1940ರ ದಶಕದ ಕೊನೆಯಲ್ಲಿ ಅಲ್ಲಿಗೆ ಹೋದಾಗ ಈ ‘ಬಿದಿರಿನ ಸಾಕ್ಷರತೆ’ಯನ್ನು ಕಂಡು ಬರೆದರು. ಯೌವನಕ್ಕೆ ಕಾಲಿಡುವವರು ಒಲಿದವರಿಗೆ ಹಾಡನ್ನು ಬರೆದು ಕಳುಹಿಸುವ ಸಲುವಾಗಿ ಲಿಪಿ ಕಲಿಯುತ್ತಿದ್ದರು. ರಾಜಶಾಸನಕ್ಕಾಗಲಿ ಲೆಕ್ಕಪತ್ರಕ್ಕಾಗಲಿ ಹುಟ್ಟದೆ ಹಾಡಿಗಾಗಿ ಬಾಳಿದ ಲಿಪಿಗಳು ಲೋಕದಲ್ಲಿ ವಿರಳ.

ಅಂಬಾಹನ್

ಹೀಗೆ ಬರೆಯುತ್ತಿದ್ದ ಕಾವ್ಯದ ಹೆಸರು ಅಂಬಾಹನ್. ಒಂದೊಂದು ಸಾಲಿನಲ್ಲಿಯೂ ಏಳು ಅಕ್ಷರಗಳಷ್ಟು ಉಚ್ಚಾರಣೆ ಇರಬೇಕು. ಸಾಲುಗಳ ಕೊನೆಯಲ್ಲಿ ಪ್ರಾಸ ಕೂಡಬೇಕು. ಕನ್ನಡದ ಹಳೆಯ ಕವಿಗಳು ಎರಡನೆಯ ಅಕ್ಷರದಲ್ಲಿ ಪ್ರಾಸವನ್ನು ಪಾಲಿಸಿದರೆ, ಅವರದು ಅಂತ್ಯಪ್ರಾಸ. ವಾದ್ಯವಿಲ್ಲದೆ, ನಿಯತವಾದ ರಾಗವಿಲ್ಲದೆ ಅದನ್ನು ವಾಚಿಸುತ್ತಾರೆ. ಆಡುಮಾತಿನಲ್ಲಿಲ್ಲದ ಹಳೆಯ ಪದಗಳು ಅದರಲ್ಲಿ ಹೇರಳವಾಗಿವೆ.

ಅಂಬಾಹನ್ನಿನ ಜೀವಾಳ ಅನ್ಯೋಕ್ತಿ. ಹೇಳಬೇಕಾದುದನ್ನು ನೇರವಾಗಿ ಹೇಳದೆ, ಹಕ್ಕಿಯನ್ನೋ ಹೊಳೆಯನ್ನೋ ಬಳ್ಳಿಯನ್ನೋ ಮುಂದಿಟ್ಟು ಸೂಚಿಸುವುದು ಅದರ ಮಾರ್ಗ. ತಂದೆತಾಯಿ ಮಕ್ಕಳಿಗೆ ಬುದ್ಧಿ ಹೇಳುವಾಗ, ತರುಣನು ಹೆಣ್ಣನ್ನು ಕೇಳುವಾಗ, ಹಸಿದ ಅತಿಥಿ ಅನ್ನವನ್ನು ಬೇಡುವಾಗ, ನಂಟರು ಬೀಳ್ಕೊಳ್ಳುವಾಗ, ಸಾವಿನ ದುಃಖವನ್ನು ತೋಡಿಕೊಳ್ಳುವಾಗ ಅಂಬಾಹನ್ ನೆರವಿಗೆ ಬರುತ್ತದೆ. ಪೋಸ್ಟ್ಮಾ ಅವರು ಈ ಕಾವ್ಯಗಳನ್ನು ಸಂಗ್ರಹಿಸಿ 1972ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಮನ್ಸಾಲೈ ಬಳಿಯ ಪನಾಯ್ತಾಯಾನ್ ಎಂಬಲ್ಲಿನ ಹನುನೂ ಕವಿ ಗಿನಾವ್ ಬಿಲೋಗ್ ಅವರಿಗೆ 1993ರಲ್ಲಿ ಫಿಲಿಪೀನ್ಸ್ ಸರ್ಕಾರವು ಜನಪದ ಕಲಾವಿದರಿಗೆ ಸಲ್ಲುವ ಅತ್ಯುಚ್ಚ ರಾಷ್ಟ್ರಗೌರವವನ್ನು ನೀಡಿತು. ಹನುನೂ, ಬುಹಿದ್ ಲಿಪಿಗಳನ್ನೂ ಪಲವಾನ್ ದ್ವೀಪದ ಎರಡು ಲಿಪಿಗಳನ್ನೂ 1997ರಲ್ಲಿ ರಾಷ್ಟ್ರೀಯ ಸಾಂಸ್ಕೃತಿಕ ನಿಧಿಗಳೆಂದು ಸಾರಲಾಯಿತು. 1999ರಲ್ಲಿ ಅವು ಯುನೆಸ್ಕೋ ಸಂಸ್ಥೆಯ ‘ವಿಶ್ವಸ್ಮೃತಿ’ ಪಟ್ಟಿಗೆ ಸೇರಿದವು. 2002ರಲ್ಲಿ ಗಣಕಯಂತ್ರಗಳ ಯೂನಿಕೋಡ್ ಅಕ್ಷರಕೋಶದಲ್ಲಿಯೂ ಹನುನೂ ಲಿಪಿಗೆ ಸ್ಥಾನ ದೊರೆಯಿತು.

ಬೇಸಾಯ ಮತ್ತು ಸಸ್ಯಜ್ಞಾನ

ಪಶ್ಚಿಮ ಘಟ್ಟದ ಸೀಮೆಯಲ್ಲಿ ‘ಕುಮರಿ’ ಎಂದು ಹೆಸರಾದ ಬೇಸಾಯದ ಕ್ರಮವೇ ಹನುನೂ ಜನರದು. ಇಳಿಜಾರಿನಲ್ಲಿ ಪೊದೆ ಮರಗಳನ್ನು ಕಡಿದು ಒಣಗಿಸಿ, ಬೇಸಗೆಯಲ್ಲಿ ಸುಟ್ಟು, ಮೊದಲ ಮಳೆಯೊಡನೆ ಬಿತ್ತುತ್ತಾರೆ. ಗಂಡಸರು ಚೂಪಾದ ಕೋಲಿನಿಂದ ಕುಳಿ ಮಾಡುತ್ತ ಮುಂದೆ ಸಾಗಿದರೆ, ಹೆಂಗಸರೂ ಮಕ್ಕಳೂ ಹಿಂದಿನಿಂದ ಭತ್ತದ ಬೀಜವನ್ನು ಹಾಕುತ್ತಾರೆ. ಕಾಡನ್ನು ಸುಡುವ ಈ ಕ್ರಮ ವಿವೇಕಶೂನ್ಯವೆಂದು ಸರ್ಕಾರಗಳು ಬಹುಕಾಲ ಬಗೆದಿದ್ದವು. ಕಾಂಕ್ಲಿನ್ ಅವರು ಅಲ್ಲಿದ್ದು ಅಭ್ಯಸಿಸಿ ಬರೆದ ಗ್ರಂಥವು 1957ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಿಂದ ಪ್ರಕಟವಾಗಿ ಈ ಭಾವನೆಯನ್ನು ಅಲುಗಿಸಿತು. ಸುಡುವ ಮುನ್ನ ಹೊಲದ ಸುತ್ತ ಬೆಂಕಿ ಹಬ್ಬದಂತೆ ಪಟ್ಟಿಯನ್ನು ಸವರುವುದು, ಒಂದೇ ಹೊಲದಲ್ಲಿ 40ಕ್ಕೂ ಹೆಚ್ಚು ಬೆಳೆಗಳನ್ನು ಮಿಶ್ರವಾಗಿ ಬೆಳೆದು ಮಣ್ಣು ಕೊಚ್ಚಿಹೋಗದಂತೆ ಕಾಯುವುದು, ಕೆಲವು ವರ್ಷ ಬೆಳೆದ ಬಳಿಕ ಭೂಮಿಯನ್ನು ಎಂಟು ಹತ್ತು ವರ್ಷ ಬೀಳುಬಿಟ್ಟು ಕಾಡು ಮತ್ತೆ ಬೆಳೆಯಗೊಡುವುದು, ಇವೆಲ್ಲ ಅವರ ಕ್ರಮದಲ್ಲಿದ್ದವು. ಭೂಮಿ ಸಾಕಷ್ಟಿದ್ದು, ಬೀಳಿನ ಅವಧಿ ಪೂರ್ಣವಾದರೆ ಕಾಡಿಗೂ ಬೆಳೆಗೂ ಕೇಡಿಲ್ಲ. ಭೂಮಿ ಕಡಿಮೆಯಾದಂತೆ ಬೀಳಿನ ಅವಧಿ ಕುಗ್ಗುತ್ತದೆ. ಆಗ ನೆಲ ಬಡವಾಗುತ್ತದೆ.

ಅವರು 1,600ಕ್ಕೂ ಹೆಚ್ಚು ಬಗೆಯ ಸಸ್ಯಗಳನ್ನು ಬೇರೆ ಬೇರೆ ಹೆಸರುಗಳಿಂದ ಗುರುತಿಸುತ್ತಾರೆಂದು ಕಾಂಕ್ಲಿನ್ ಎಣಿಸಿದರು. ಭತ್ತದಲ್ಲಿಯೇ 90ಕ್ಕೂ ಮಿಕ್ಕ ತಳಿಗಳಿಗೆ ಹೆಸರುಗಳಿದ್ದವು. ಅವರ ಬಣ್ಣದ ಎಣಿಕೆಯೂ ಸಸ್ಯಲೋಕದಿಂದಲೇ ಬಂದುದು. ಮುಖ್ಯ ವರ್ಣನಾಮಗಳು ನಾಲ್ಕೇ. ಕಪ್ಪು ಬಿಳುಪುಗಳನ್ನು ಬಿಟ್ಟರೆ, ಹಸಿಯಾದುದಕ್ಕೆ ‘ಮಲತುಯ್’, ಒಣಗಿದುದಕ್ಕೆ ‘ಮರರಾ’. ಆಗತಾನೆ ಕಡಿದ ಬಿದಿರಿನ ತುಂಡು ಕಣ್ಣಿಗೆ ಕಂದಾಗಿ ಕಂಡರೂ ಹಸಿಯಾಗಿ ಹೊಳೆಯುವುದರಿಂದ ಅವರ ಪಾಲಿಗೆ ಅದು ‘ಮಲತುಯ್’. ಬಣ್ಣವನ್ನು ಹೇಳುವಾಗಲೂ ಗಿಡದಲ್ಲಿ ಜೀವವಿದೆಯೋ ಇಲ್ಲವೋ ಎಂಬುದನ್ನು ಕೇಳುವ ಜನರಿವರು.

ನಂಬಿಕೆಗಳು

ಹನುನೂ ಸಂಪ್ರದಾಯದಲ್ಲಿ ಪರಮದೈವದ ಹೆಸರು ಮಹಾಲ್ ನ ಮಕಾಕೊ. ಆತನು ಕೇವಲ ನೋಟದಿಂದಲೇ ಮನುಷ್ಯರಿಗೆ ಪ್ರಾಣವನ್ನಿತ್ತನೆಂದು ಹೇಳುತ್ತಾರೆ. ಬಿನಾಯಿ ಎಂಬವಳ ತೋಟದಲ್ಲಿ ಆತ್ಮಗಳೆಲ್ಲ ವಿಶ್ರಮಿಸುತ್ತವೆ. ಬಿನಾಯೊ ಎಂಬ ದೇವತೆ ಭತ್ತದ ಆತ್ಮಗಳ ಪಾಲಕಿ. ‘ಕಲಾಗ್’ ಎಂದರೆ ಆತ್ಮ. ಮನುಷ್ಯನಿಗಿರುವಂತೆ ಭತ್ತಕ್ಕೂ ಕಲಾಗ್ ಇದೆ. ಅದು ಮುನಿದರೆ ಬೆಳೆಯಿಲ್ಲ. ಆದುದರಿಂದ ಮೊದಲ ಬಿತ್ತನೆಗೆ ಒಂದು ವಿಧಿ, ತೆನೆ ಕಟ್ಟುವಾಗ ಒಂದು ವಿಧಿ, ಸುಗ್ಗಿ ಮುಗಿದ ಮೇಲೆ ಒಂದು ವಿಧಿ. ಹೊಲದ ಜಾಗವನ್ನು ಆರಿಸುವಾಗ ಶಕುನ, ಸ್ವಪ್ನಗಳನ್ನು ಗಮನಿಸುತ್ತಾರೆ. ‘ಲಬಾಂಗ್’ ಎಂಬ ದುಷ್ಟಶಕ್ತಿಗಳು ರೋಗವನ್ನು ತರುತ್ತವೆ. ‘ದನಿವ್’ ಎಂಬ ರಕ್ಷಕ ಶಕ್ತಿಯನ್ನು ಒಲಿಸಿಕೊಂಡ ವೈದ್ಯರು ಅವನ್ನು ಓಡಿಸುತ್ತಾರೆ.

ಮೃತರ ಬಗೆಗೆ ಅವರ ನಡವಳಿಕೆ ಮನಸ್ಸನ್ನು ಕರಗಿಸುವಂಥದು. ಹೂಳಿದ ಸುಮಾರು ಒಂದು ವರ್ಷದ ಅನಂತರ ಎಲುಬುಗಳನ್ನು ಹೊರತೆಗೆದು, ಶುಚಿಗೊಳಿಸಿ, ಮನುಷ್ಯಾಕಾರದಲ್ಲಿ ಬಟ್ಟೆಯೊಳಗೆ ಜೋಡಿಸುತ್ತಾರೆ. ಬಂಧುಗಳು ದೂರದೂರದಿಂದ ಬಂದು ನೆರೆಯುತ್ತಾರೆ. ಊಟ, ಹಾಡು, ಅಂಬಾಹನ್ನುಗಳು ನಡೆಯುತ್ತವೆ. ಬಳಿಕ ಎಲುಬುಗಳನ್ನು ಅವಕ್ಕೆಂದೇ ಇರುವ ತಾಣದಲ್ಲಿ ಇಡುತ್ತಾರೆ. ಸತ್ತವರು ಸಮುದಾಯವನ್ನು ಬಿಟ್ಟುಹೋದವರಲ್ಲವೆಂಬ ಭಾವನೆ ಇದರಲ್ಲಿ ವ್ಯಕ್ತವಾಗುತ್ತದೆ. ಇಂದು ಮಂಗ್ಯಾನರಲ್ಲಿ ಹಲವರು ಕ್ರೈಸ್ತರಾಗಿದ್ದಾರೆ. ಹಳೆಯ ಆಚಾರಗಳು ಹೊಸ ಮತದ ಪಕ್ಕದಲ್ಲಿ ಅಲ್ಲಲ್ಲಿ ಉಳಿದುಕೊಂಡು ಬಂದಿವೆ.

ನೆಲ ಮತ್ತು ನ್ಯಾಯ

ಇಂತಹ ಜನರನ್ನು ಆಳುವವರು ಕಂಡ ಬಗೆ ಹೇಗೆ? ಅಮೆರಿಕದ ಆಳ್ವಿಕೆಯ ಕಾಲದಲ್ಲಿ, 1917ರಲ್ಲಿ, ಮಿಂದೊರೊ ಪ್ರಾಂತದ ಮಂಡಳಿಯು ದ್ವೀಪದ ಉತ್ತರದ ಮಂಗ್ಯಾನರು ನೌಹಾನ್ ಸರೋವರದ ಬಳಿಯ ತಿಗ್ಬಾವ್ ಎಂಬ 800 ಹೆಕ್ಟೇರುಗಳ ಸ್ಥಳಕ್ಕೆ ಹೋಗಿ ನೆಲೆಸಬೇಕೆಂದು ಆಜ್ಞಾಪಿಸಿತು. ತಪ್ಪಿದವರಿಗೆ 60 ದಿನಗಳವರೆಗೆ ಸೆರೆಮನೆ. ರುಬಿ ಎಂಬ ಮಂಗ್ಯಾನನೂ ಅವನ ಸಂಗಡಿಗರೂ ಬಿಡುಗಡೆ ಕೋರಿ ಫಿಲಿಪೀನ್ಸಿನ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 1919ರ ಮಾರ್ಚಿಯಲ್ಲಿ ಬಹುಮತದ ತೀರ್ಪು ಅವರಿಗೆ ವಿರುದ್ಧವಾಯಿತು. ಕಾಯಿದೆಯಲ್ಲಿದ್ದ ‘ಕ್ರೈಸ್ತೇತರ’ ಎಂಬ ಪದವು ಮತವನ್ನು ಸೂಚಿಸುವುದಲ್ಲ, ನಾಗರಿಕತೆಯ ಕೆಳಮಟ್ಟವನ್ನು ಸೂಚಿಸುವುದು ಎಂದು ನ್ಯಾಯಾಲಯ ವ್ಯಾಖ್ಯಾನಿಸಿತು. ಪ್ರಕರಣ ಉತ್ತರದವರದಾದರೂ ಆ ವ್ಯಾಖ್ಯಾನದ ನೆರಳು ಎಲ್ಲ ಮಂಗ್ಯಾನರ ಮೇಲೂ ಬಿದ್ದಿತು. ಅದೇ ದ್ವೀಪದ ದಕ್ಷಿಣದಲ್ಲಿ ರೈತನೊಬ್ಬನು ತನ್ನ ಸುಣ್ಣದ ಕರಂಡಕದ ಮೇಲೆ ಸಪ್ತಾಕ್ಷರದ ಪದ್ಯವನ್ನು ಕೊರೆಯುತ್ತಿದ್ದ ಕಾಲವದು!

ಇದಕ್ಕೆ ಹತ್ತು ವರ್ಷ ಹಿಂದೆ, 1909ರಲ್ಲಿ, ಲೂಸಾನಿನ ಬೆಂಗೆಟ್ ಬೆಟ್ಟದ ಇಬಾಲೊಯ್ ಜನಾಂಗದ ಮಾತಿಯೊ ಕರಿನ್ಯೊ ಎಂಬವನ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಬೇರೆಯೇ ತತ್ತ್ವವನ್ನು ಸಾರಿತ್ತು. ನೆನಪಿಗೆ ನಿಲುಕದ ಕಾಲದಿಂದ ಸ್ವಂತವೆಂದು ಅನುಭವಿಸಿಕೊಂಡು ಬಂದ ಭೂಮಿ ಎಂದೂ ಸರ್ಕಾರದ್ದಾಗಿರಲಿಲ್ಲವೆಂದೇ ಭಾವಿಸತಕ್ಕದ್ದೆಂದು ನ್ಯಾಯಮೂರ್ತಿ ಹೋಮ್ಸ್ ಬರೆದಿದ್ದರು. ಆದರೆ ಬೆಟ್ಟದ ಜನರ ಅನುಭವದಲ್ಲಿ ಈ ತತ್ತ್ವ ಬಹುಕಾಲ ಕಾಗದದ ಮೇಲೆಯೇ ಉಳಿಯಿತು. 1975ರ ಅರಣ್ಯ ಸಂಹಿತೆಯು ನೂರಕ್ಕೆ 18 ಅಥವಾ ಅದಕ್ಕಿಂತ ಹೆಚ್ಚಿನ ಇಳಿಜಾರುಳ್ಳ ನೆಲವನ್ನು ಖಾಸಗಿ ಸ್ವತ್ತಾಗಿ ಕೊಡಲಾಗದೆಂದು ವಿಧಿಸಿತು. ಬೆಟ್ಟದಲ್ಲಿ ಹುಟ್ಟಿ ಬೆಟ್ಟದಲ್ಲಿಯೇ ಮಣ್ಣಾಗುವ ಜನ ಕಾಯಿದೆಯ ದೃಷ್ಟಿಯಲ್ಲಿ ಅತಿಕ್ರಮಣಕಾರರಾದರು. ಬಯಲಿನಿಂದ ಬಂದವರು ಕಾಗದಪತ್ರಗಳನ್ನು ಮಾಡಿಸಿಕೊಂಡು, ಇಲ್ಲವೆ ಸಾಲದ ಬಲೆಯೊಡ್ಡಿ, ಅವರ ಹೊಲಗಳನ್ನು ಪಡೆದರು. ಅಂಗುಲ ಅಂಗುಲವಾಗಿ ಮಂಗ್ಯಾನರು ಮೇಲಕ್ಕೆ ಸರಿದರು. ಬಿದಿರಿನ ಅಕ್ಷರ ಬಲ್ಲವರಿಗೆ ಕಚೇರಿಯ ಅಕ್ಷರ ತಿಳಿಯದಿದ್ದುದೇ ಅವರ ಅಪರಾಧವಾಯಿತು.

ಕಡೆಗೆ 1997ರ ಅಕ್ಟೋಬರಿನಲ್ಲಿ ಮೂಲನಿವಾಸಿಗಳ ಹಕ್ಕುಗಳ ಕಾಯಿದೆ ಜಾರಿಗೆ ಬಂದಿತು. ಪೂರ್ವಜರಿಂದ ಬಂದ ನೆಲದ ಮೇಲೆ ಸಮುದಾಯಕ್ಕೆ ಸಾಮೂಹಿಕ ಹಕ್ಕುಪತ್ರ ಕೊಡುವುದಕ್ಕೂ, ಗಣಿ ಮೊದಲಾದ ಉದ್ಯಮಗಳಿಗೆ ಮುನ್ನ ಆ ಜನರ ಸ್ವತಂತ್ರವಾದ, ತಿಳಿದು ಕೊಟ್ಟ ಒಪ್ಪಿಗೆ ಪಡೆಯುವುದಕ್ಕೂ ಅದು ಅವಕಾಶ ಮಾಡಿತು. ಕಾಯಿದೆಯನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ 2000ನೆಯ ಇಸವಿಯಲ್ಲಿ ನ್ಯಾಯಮೂರ್ತಿಗಳು ಏಳು ಏಳು ಮಂದಿಯಾಗಿ ಸಮನಾಗಿ ಭಾಗವಾದುದರಿಂದ ಅರ್ಜಿ ಬಿದ್ದುಹೋಗಿ ಕಾಯಿದೆ ಉಳಿಯಿತು. ಒಂದೇ ಒಂದು ಮತ ಆ ಕಡೆಗೆ ವಾಲಿದ್ದರೆ ಅದು ಅಳಿಯುತ್ತಿತ್ತು.

ಅಗತ್ಯಗಳು

ಈ ಜನರ ಮೊದಲ ಅಗತ್ಯ ನೆಲ. ಹಕ್ಕಿನ ಕಾಯಿದೆ ಇದ್ದ ಮಾತ್ರಕ್ಕೆ ಹಕ್ಕು ಕೈಗೆ ಬರುವುದಿಲ್ಲ. ಎಲ್ಲೆಯನ್ನು ಅಳೆದು, ಹಕ್ಕುಪತ್ರ ಕೊಟ್ಟು, ಅದನ್ನು ಗೌರವಿಸುವ ಆಡಳಿತ ಬೇಕು.

ಎರಡನೆಯದು ಆರೋಗ್ಯ. ಕಡಿದಾದ ಕಾಲುದಾರಿಗಳಲ್ಲಿ ರೋಗಿಯನ್ನು ಹೊತ್ತು ಬಯಲಿಗೆ ಇಳಿಸಬೇಕಾದ ಹಟ್ಟಿಗಳಿಗೆ ಸಮೀಪದಲ್ಲಿಯೇ ಚಿಕಿತ್ಸೆ ದೊರೆಯಬೇಕು. ಮೂರನೆಯದು ನ್ಯಾಯವಾದ ವ್ಯಾಪಾರ. ಬೆಳೆದ ಪದಾರ್ಥವನ್ನು ಬಯಲಿನ ಪೇಟೆಗೆ ತಂದಾಗ ತಕ್ಕ ಬೆಲೆ ದೊರೆತರೆ ಸಾಲದ ಅವಲಂಬನೆ ತಗ್ಗುತ್ತದೆ.

ನಾಲ್ಕನೆಯದು ವಿದ್ಯೆ. ಮಂಗ್ಯಾನ್ ಮಕ್ಕಳಿಗೆ ಲೆಕ್ಕ, ಕಾಯಿದೆ, ದೇಶಭಾಷೆ ಇವೆಲ್ಲ ಬೇಕು; ಇವಿಲ್ಲದೆ ಹಕ್ಕುಪತ್ರವನ್ನು ಓದಲಾಗದು. ಆದರೆ ಶಾಲೆಗೆ ಬಂದ ಮಗುವಿಗೆ ‘ನಿನಗೇನೂ ತಿಳಿಯದು’ ಎಂಬ ಭಾವನೆಯನ್ನು ಮೊದಲು ಕಲಿಸಿದರೆ, ಆ ವಿದ್ಯೆ ಮಗುವನ್ನು ತನ್ನವರಿಂದ ಅಗಲಿಸುತ್ತದೆ. 2011ರಲ್ಲಿ ಫಿಲಿಪೀನ್ಸಿನ ಶಿಕ್ಷಣ ಇಲಾಖೆಯು ಮೂಲನಿವಾಸಿಗಳ ಶಿಕ್ಷಣಕ್ಕಾಗಿ ಪ್ರತ್ಯೇಕ ನೀತಿಯನ್ನು ಅಂಗೀಕರಿಸಿ, ಅವರ ಜ್ಞಾನವೂ ಭಾಷೆಯೂ ಪಾಠದಲ್ಲಿ ಸೇರಬೇಕೆಂದಿತು. ಅಜ್ಜನು ಚೂರಿಯಿಂದ ಕೊರೆದ ಅಕ್ಷರವನ್ನು ಮೊಮ್ಮಗನು ಹಲಗೆಯ ಮೇಲೆ ಬರೆಯುವಂತಾಗುವುದು ದೊಡ್ಡ ಮಾತು.

ಆದರೂ ವಿದ್ಯಾರ್ಥಿಗಳು ಇಲ್ಲಿ ಒಂದು ಸೂಕ್ಷ್ಮವನ್ನು ಗ್ರಹಿಸಬೇಕು. ಲಿಪಿಯನ್ನು ಮಾತ್ರ ಕಲಿಸಿದರೆ ಅಂಬಾಹನ್ ಉಳಿಯುವುದಿಲ್ಲ. ಅನ್ಯೋಕ್ತಿಯಲ್ಲಿ ಬರುವ ಬಳ್ಳಿಯನ್ನು ಕಣ್ಣಾರೆ ಕಾಣದ ಮಗುವಿಗೆ ಪದ್ಯದ ಅರ್ಥ ಹೊಳೆಯುವುದಿಲ್ಲ. ಬೀಳಿನಲ್ಲಿ ಕಾಡು ಮತ್ತೆ ಬೆಳೆದರೆ ತಾನೆ ಬಳ್ಳಿ? ಹೊಲಕ್ಕೆ ನೆಲ ಸಾಕಷ್ಟಿದ್ದರೆ ತಾನೆ ಬೀಳು? ಹೀಗೆ ಕಾವ್ಯದ ಬೇರು ಹಕ್ಕುಪತ್ರದವರೆಗೂ ಇಳಿದಿದೆ. ವಸ್ತುಸಂಗ್ರಹಾಲಯದಲ್ಲಿಟ್ಟ ಬಿದಿರು ಒಣಗಿದ ‘ಮರರಾ’. ಹಟ್ಟಿಯಲ್ಲಿ ಇಂದು ಕೊರೆದ ಬಿದಿರು ‘ಮಲತುಯ್’. ಗೌರವಗಳೂ ಪಟ್ಟಿಗಳೂ ಮೊದಲನೆಯದನ್ನು ಕಾಯಬಲ್ಲವು. ಎರಡನೆಯದನ್ನು ಕಾಯುವುದು ನೆಲದ ಮೇಲೆ ನಿರ್ಭಯವಾಗಿ ಬಾಳುವ ಜನರಿಂದ ಮಾತ್ರ ಸಾಧ್ಯ.

ಉಪಸಂಹಾರ

ಬಿದಿರು ಶಾಶ್ವತವಾದ ವಸ್ತುವಲ್ಲ. ಹುಳು ತಿನ್ನುತ್ತದೆ, ಮಳೆಗೆ ಕೊಳೆಯುತ್ತದೆ. ಕಲ್ಲಿನಂತೆ ಸಾವಿರ ವರ್ಷ ನಿಲ್ಲುವ ಶಕ್ತಿ ಅದಕ್ಕಿಲ್ಲ. ಆದರೂ ಈ ಲಿಪಿ ಶತಮಾನಗಳನ್ನು ದಾಟಿ ಬಂದಿತು. ಒಂದು ಬಿದಿರು ಹಾಳಾಗುವ ಮುನ್ನ ಮತ್ತೊಂದನ್ನು ಕೊರೆಯುವವರು ಪ್ರತಿ ತಲೆಮಾರಿನಲ್ಲಿಯೂ ಇದ್ದುದೇ ಅದಕ್ಕೆ ಕಾರಣ. ಅಕ್ಷರಕ್ಕೆ ಅಕ್ಷರತ್ವ ಬರುವುದು ಬರೆದ ವಸ್ತುವಿನಿಂದಲ್ಲ, ಬರೆಯುವ ಜನರ ಬಾಳಿನಿಂದ ಎಂಬ ಪಾಠವನ್ನು ಈ ಬೆಟ್ಟದ ಜನ ಕಲಿಸುತ್ತಾರೆ. ನಾಗರಿಕನಾರು, ಅನಾಗರಿಕನಾರು ಎಂದು ತೀರ್ಮಾನಿಸಹೊರಡುವ ವಿದ್ಯಾವಂತನು ಮೊದಲು ಎದುರಿಗಿರುವವನ ಅಕ್ಷರವನ್ನು ಓದಲು ಕಲಿಯತಕ್ಕದ್ದು.